ಉಳಿದ ಅಳಿಯ

ಪಂಚಾಯ್ತಿ ಸಭಾಭವನದಲ್ಲಿ ಅವತ್ತು ಪೌತಿ ಖಾತೆಯ ಶಿಬಿರ. ಸತ್ತವರ ಹೆಸರಿನಲ್ಲೇ ಉಳಿದುಹೋದ ಮನೆ, ಜಮೀನುಗಳನ್ನು ಬದುಕಿರುವವರ ಹೆಸರಿಗೆ ಮಾಡಿಕೊಡುವ ಏರ್ಪಾಡು. ಸರ್ಕಾರದ ಭಾಷೆಯಲ್ಲಿ ಪೌತಿ ಅಂದರೆ ತೀರಿಹೋದದ್ದು, ಪಾವತಿ ಅಂದರೆ ತೀರಿಸಿದ್ದು. ಎರಡರ ನಡುವೆ ಇರುವುದು ಒಂದು ಉಸಿರಿನ ಅಂತರ.

ಆ ಅಂತರ ಶುಕ್ರ ಗೌಡನ ಕಿವಿಗೆ ಬೀಳಲಿಲ್ಲ. ಮೈಕು ಕೆಟ್ಟಿತ್ತು, ಫ್ಯಾನು ಕಟಕಟ ಅನ್ನುತ್ತಿತ್ತು. ಗ್ರಾಮಲೆಕ್ಕಿಗರು ಎದ್ದು ನಿಂತು, "ಪೌತಿಯಾದವರು ಯಾರ್ಯಾರು ಬಂದಿದ್ದೀರಿ, ಕೈ ಎತ್ತಿ" ಅಂದರು. ಅವರ ವ್ಯಾಕರಣದ ಪ್ರಕಾರ ಯಾರೂ ಕೈ ಎತ್ತುವ ಹಾಗಿರಲಿಲ್ಲ. ಎತ್ತಿದ್ದರೆ ಉಳಿದವರು ಓಡಬೇಕಾಗಿತ್ತು. ಜನ ಮುಖಮುಖ ನೋಡಿಕೊಂಡರು. ಶುಕ್ರಣ್ಣ ಮಾತ್ರ ಟೆಂಪೋ ನಿಲ್ಲಿಸುವವನ ಹಾಗೆ ಕೈಯನ್ನು ಭುಜದ ಬುಡದಿಂದ ಎತ್ತಿದ.

"ಯಾರದ್ದು?" ಲೆಕ್ಕಿಗರು ಕೇಳಿದರು.

"ನಂದೇ ಒಡೆಯಾ."

"ನಿಮ್ಮದೇ? ಯಾವಾಗ ಆದದ್ದು?"

"ಹೋದ ಮಾರ್ಚಿಗೇ ಆತು. ನಂದು ಯಾವ ವರ್ಷವೂ ತಡ ಆದದ್ದಿಲ್ಲ."

"ವರ್ಷವರ್ಷವೂ ಆಗ್ತದಾ?"

"ಮತ್ತೆ? ಬಿಟ್ರೆ ನೀವು ನೋಟೀಸ್ ಕಳಿಸೂದಿಲ್ವಾ?" ಎನ್ನುತ್ತ ಶುಕ್ರಣ್ಣ ಅಂಗಿಯ ಕಿಸೆಯಿಂದ ಮನೆ ತೆರಿಗೆಯ ರಸೀದಿ ತೆಗೆದು ಎತ್ತಿ ಹಿಡಿದ.

ಸಭೆಗೆ ಸಭೆಯೇ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, "ಶುಕ್ರಣ್ಣ, ವರ್ಷಕ್ಕೊಂದ್ಸಲ ಸತ್ರೆ ತಿಥಿ ಊಟಾನಾದ್ರೂ ಹಾಕಸು ಮಾರಾಯಾ" ಅಂದರು. ಲೆಕ್ಕಿಗರೂ ನಗು ತಡೆಯಲಾರದೆ, "ಪಾವತಿ ಅಲ್ಲ ಮಾರಾಯ್ರೇ, ಪೌತಿ. ಸತ್ತದ್ದು. ನಿಮ್ಮ ಮನೆ ಯಾರ ಹೆಸರಲ್ಲಿ ಅದೆ?" ಎಂದರು.

"ನಮ್ಮನೆಯವಳ ಹೆಸರಲ್ಲಿ. ಗಣಪಿ ಗೌಡ."

"ಹಾಗಾದ್ರೆ ಅವರನ್ನು ಕರೀರಿ."

ಶುಕ್ರಣ್ಣ ರಸೀದಿಯನ್ನು ಮಡಚಿದ. "ನೀವ್ ಹೇಳೂ ಆ ಪೌತಿ, ಅದು ಅವ್ಳೇ."

ಫ್ಯಾನಿನ ಕಟಕಟ ಮತ್ತೆ ಕೇಳತೊಡಗಿತು. ಲೆಕ್ಕಿಗರು ದನಿ ಇಳಿಸಿ ಕೇಳಿದರು, ಮಕ್ಕಳು ಇದ್ದಾರಾ ಅಂತ. ಇಲ್ಲ. ಮನೆ ಅವರಿಗೆ ಎಲ್ಲಿಂದ ಬಂತು ಅಂತ. ಅವಳಪ್ಪನಿಂದ. "ಹಾಗಾದ್ರೆ ಇದ್ರಲ್ಲಿ ಸ್ವಲ್ಪ ತೊಡಕದೆ. ಆ ಬದಿಗೆ ಕೂತ್ಕಳಿ, ನೋಡುವ" ಅಂದರು.

ಶುಕ್ರಣ್ಣ ಕೂರಲಿಲ್ಲ. ಕೂರುವುದು ಅವನಿಗೆ ಯಾವತ್ತೂ ಬಂದದ್ದಿಲ್ಲ.

ಕೂತೇ ಹೊಟ್ಟೆ ಹೊರೆದವನ ಬಗ್ಗೆ ಹೀಗೆ ಹೇಳಿದರೆ ನಗುತ್ತೀರಿ. ಭಟ್ಕಳ, ಹೊನ್ನಾವರ, ಕುಮಟಾ ಲೈನಿನಲ್ಲಿ ಟೆಂಪೋ ಓಡಿಸಿದವನು ಅವನು. ಈ ಮೂರು ಪೇಟೆಯ ನಡುವೆ ಅವನನ್ನು ತಿಳಿಯದವರಿಲ್ಲ, ಆದರೆ ಎಲ್ಲರೂ ಹಿಂದಿನಿಂದ ತಿಳಿದವರು. ಹಿಂದಲೆ, ಎರಡು ಕಿವಿ, ಬಲಗಿವಿಯ ಮೇಲೊಂದು ಬೀಡಿ. ನಾನು ಹೊನ್ನಾವರದ ಕಾನ್ವೆಂಟಿಗೆ ಹೋಗಿಬಂದದ್ದು ಅವನ ಗಾಡಿಯಲ್ಲೇ. ಬೆರಳನ್ನು ತುಟಿಯ ಮೇಲಿಟ್ಟು ಅಲ್ಲಾಡದೆ ಕೂರುವುದನ್ನು ಸಿಸ್ಟರುಗಳು ದಿನವಿಡೀ ಕಲಿಸುತ್ತಿದ್ದರು, ಸಂಜೆ ಸೇತುವೆ ದಾಟಿ ನಮ್ಮ ಬದಿಯ ಕಾಸರಕೋಡು ಬರುವುದರೊಳಗೆ ಶುಕ್ರಣ್ಣನ ಗಾಡಿ ಅದನ್ನು ಮರೆಸುತ್ತಿತ್ತು. ಮುಂದೆ ನಾನು ಅದೇ ಹೊನ್ನಾವರದಲ್ಲಿ ಕನ್ನಡ ಕಲಿಸಲು ಹೊರಟಾಗ ಒಂದೇ ಒಂದು ಬದಲಾವಣೆ ಆಯಿತು. ಅಲ್ಲಿಯವರೆಗೆ "ಹೇ ಹುಡ್ಗಿ, ಒಳಗ್ ಸರಿ" ಅನ್ನುತ್ತಿದ್ದವನು "ಅಕ್ಕೋರೆ, ಒಳಗ್ ಸರೀರಿ" ಅನ್ನತೊಡಗಿದ.

ಅವನು ಹುಟ್ಟಿದ್ದು ಕುಮಟೆಯ ಆಚೆ ಮಿರ್ಜಾನದಲ್ಲಿ. ಬಂದು ಸೇರಿದ್ದು ಅಪ್ಸರಕೊಂಡದ ಹಾದಿಯಲ್ಲಿರುವ ನಮ್ಮೂರಿಗೆ, ಬೊಮ್ಮ ಗೌಡನ ಮಗಳು ಗಣಪಿಯ ಕೈಹಿಡಿದು, ಮನೆಅಳಿಯನಾಗಿ. ಬೊಮ್ಮ ಗೌಡನಿಗೆ ಗಂಡುಮಗ ಇರಲಿಲ್ಲವೆಂದಲ್ಲ. ಒಬ್ಬ ಇದ್ದ, ಗಣಪಿಯ ತಮ್ಮ ಕುಪ್ಪ. ಅವನು ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ಹೆಂಡತಿ ಕಡೆಯ ಮನೆ ಸೇರಿದ. ಹೋಗುವಾಗ ಅಪ್ಪನ ಎದುರಿಗೇ, ಗದ್ದೆಯಲ್ಲಿ ಪಾಲು ಕೊಡಿ, ಮನೆ ಅಕ್ಕನಿಗಿರಲಿ ಅಂದಿದ್ದನಂತೆ. ಗದ್ದೆಯ ಪಾಲು ಕಾಗದಕ್ಕೆ ಬಂತು. ಮನೆಯ ಮಾತು ಮಾತಾಗಿಯೇ ಉಳಿಯಿತು. ಬೊಮ್ಮ ಗೌಡ ತೀರಿಕೊಂಡ ಮೇಲೆ ಪಂಚಾಯ್ತಿಯವರು ಮನೆಯನ್ನು ಮಗಳ ಹೆಸರಿಗೆ ದಾಖಲು ಮಾಡಿಕೊಂಡರು, ಯಾರೂ ತಕರಾರು ಮಾಡಲಿಲ್ಲ.

ಮನೆಅಳಿಯ ಅನ್ನುವುದು ವ್ಯಾಕರಣದಲ್ಲೇ ಜೋಡಣೆ ಸಡಿಲಾದ ಶಬ್ದ. ಮನೆ ಬೇರೆ, ಅಳಿಯ ಬೇರೆ. ನಡುವೆ ಒಬ್ಬ ಹೆಂಡತಿ ನಿಂತು ಸಂಧಿ ಮಾಡಿಸುತ್ತಿರುತ್ತಾಳೆ. ಅವಳು ಬಂದದ್ದು ಆಗಮ, ಹೋದದ್ದು ಲೋಪ, ಆಮೇಲೆ ಉಳಿಯುವುದು ಕೋರ್ಟಿನ ಆದೇಶ.

ಗಣಪಿ ಹಿತ್ತಿಲಲ್ಲಿ ಬಸಳೆ, ಮೊಗೆಕಾಯಿ ಬೆಳೆದು ಹೊನ್ನಾವರ ಪೇಟೆಯಲ್ಲಿ ಮಾರುತ್ತಿದ್ದವಳು. ಗಂಡನ ಗಾಡಿಯಲ್ಲೇ ಬುಟ್ಟಿ ಹಾಕಿಕೊಂಡು ಹೋಗುವುದು, ಗಂಡನ ಗಾಡಿಯಲ್ಲೇ ಬರುವುದು. ಗಂಡ ಮನೆಯಲ್ಲಿ ಸಿಗುವುದಕ್ಕಿಂತ ಗಾಡಿಯಲ್ಲೇ ಹೆಚ್ಚು ಸಿಗುತ್ತಿದ್ದ. "ನಮ್ಮನೆಯವ್ರು ಮನೆಅಳಿಯ ಅಲ್ಲ ಅಕ್ಕೋರೆ, ರೋಡಳಿಯ" ಅನ್ನುತ್ತಿದ್ದಳು. ನಾಟಿಗದ್ದೆಯಲ್ಲಿ ಪದ ಹೇಳುವಾಗ ಸೀತೆಯನ್ನು ಹುಡುಕಲು ರಾಮನನ್ನು ಗಂಡನ ಟೆಂಪೋ ಹತ್ತಿಸುತ್ತಿದ್ದಳಂತೆ. ಕುಮಟೆಯಲ್ಲಿ ಸೀಟು ಸಿಗದೆ ರಾಮ ನಿಂತೇ ಬರುತ್ತಿದ್ದ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ತಲೆಗೇರಿದಾಗ ಆಸ್ಪತ್ರೆಗೆ ಕರೆದೊಯ್ದರು, ದಾರಿಯಲ್ಲೇ ಜೀವ ಹೋಯಿತು. ಆ ದಾರಿಯಲ್ಲಿ ಜೀವಮಾನವಿಡೀ ಗಾಡಿ ಹೊಡೆದವನು ಆವತ್ತು ಹಿಂದಿನ ಸೀಟಿನಲ್ಲಿ ಅವಳ ತಲೆ ಹಿಡಿದು ಕೂತಿದ್ದ. "ನಾ ಹೊಡ್ದಿದ್ರೆ ಮುಟ್ತಿದ್ವು" ಅಂತ ನನ್ನ ಹತ್ತಿರ ಒಂದು ಸಲ ಅಂದ. ಆಮೇಲೆ ಆ ಮಾತು ಎತ್ತಲಿಲ್ಲ.

ಎತ್ತದಿದ್ದರೂ ಅದು ಅವನ ಕಾಲಿಗಿಳಿಯಿತು. ಕಣ್ಣಿನ ಪೊರೆಯ ದೆಸೆಯಿಂದ ಸ್ಟಿಯರಿಂಗ್ ಬಿಟ್ಟು ಎಷ್ಟೋ ಕಾಲವಾಗಿತ್ತು. ಗಣಪಿ ಹೋದ ಮೇಲೆ ಬೆಳಿಗ್ಗೆ ಎದ್ದು ಯಾವುದೋ ಟೆಂಪೋ ಹತ್ತುವುದು, ಭಟ್ಕಳಕ್ಕೆ ಹೋಗುವುದು, ಅಲ್ಲಿ ಇಳಿದು ಚಾ ಕುಡಿದು ಕುಮಟೆಗೆ ಹೋಗುವುದು, ಕುಮಟೆಯಲ್ಲಿ ಇಳಿದು ಏನೂ ಮಾಡದೆ ವಾಪಸ್ಸು ಬರುವುದು. ಡ್ರೈವರನ ಹಿಂದೆ ಕೂತು, ಅವನು ಒತ್ತುವ ಮೊದಲೇ ತಾನು ಬ್ರೇಕು ಒತ್ತುವುದು. ಡ್ರೈವರುಗಳಿಗೆ ಇವನು ಗುರು, ಟಿಕೆಟ್ ಕೇಳುವ ಹಾಗಿಲ್ಲ. "ಶುಕ್ರಣ್ಣ, ಮನೇಲಿ ಆರಾಮ ಕೂತ್ಕಳೂಕೆ ಆಗೂದಿಲ್ವನಾ" ಎಂದು ಗದರುವುದು ಮಾತ್ರ ಇತ್ತು.

ಆಗ ಕುಪ್ಪ ಬಂದ.

ಕುಪ್ಪ ಕೆಟ್ಟವನಲ್ಲ. ಶಿರಾಲಿಯಲ್ಲಿ ಸಣ್ಣ ಕಿರಾಣಿ ಅಂಗಡಿ, ಮೂರು ಹೊತ್ತೂ ಲಾಭದ ಯೋಚನೆ. ಅಪ್ಸರಕೊಂಡಕ್ಕೆ ಬರುವ ಕಾರುಗಳು ಅಕ್ಕನ ಮನೆಯ ಎದುರಿಗೇ ಹಾದುಹೋಗುತ್ತಿದ್ದದ್ದು ಅವನ ಕಣ್ಣಿಗೆ ಬಿದ್ದಿತ್ತು. ಜಲಪಾತ ನೋಡಲು ಬಂದವರು ಕೂಳೆಲ್ಲಿ, ಹಾಸಿಗೆಯೆಲ್ಲಿ ಎಂದು ಕೇಳುತ್ತಾರಲ್ಲ.

"ಭಾವ, ಇನ್ನು ಇಲ್ಲಿ ಒಬ್ನೇ ಎಂತ ಮಾಡ್ತೆ? ಮಿರ್ಜಾನಕ್ಕೆ ಹೋಗೂದು ಚೊಲೋ. ಅಣ್ತಮ್ರು ಅವ್ರೆ, ಹೊಳೆ ಅದೆ, ಮೀನದೆ."

"ಅಲ್ಲಿ ನನ್ನ ಪಾಲು ಎಲ್ಲದೆ? ಮನೆಅಳಿಯ ಬಂದವ ಹುಟ್ಟಿದ್ಮನೆ ಪಾಲು ಕೇಳೂದು ಮರ್ಯಾದೆ ಅಲ್ಲ ಅಂತ ಅವತ್ತೇ ಬಿಟ್ಕೊಟ್ಟೆ. ಅವ್ರು ಹಂಚ್ಕಂಡೂ ಆತು. ಮಿರ್ಜಾನದಲ್ಲಿ ನಂಗೆ ಅಂತ ಖಾಲಿ ಇಪ್ಪೂದು ಕೋಟೆ ಒಂದೇ. ಅದಕ್ಕೂ ಮಾಡು ಇಲ್ಲ, ಹಂಚೂ ಇಲ್ಲ."

"ಹಾಗಲ್ಲ ಭಾವ. ಈ ಮನೆ ನನ್ನಪ್ಪಂದು. ಹೋಂಸ್ಟೇ ಮಾಡ್ವಾ ಅಂತ."

ಕುಪ್ಪನಿಗೆ ಬೇಕಾದದ್ದು ಹೋಂಸ್ಟೇ. ಶುಕ್ರಣ್ಣನಿಗೆ ಬೇಕಾದದ್ದೂ ಅವೆರಡೇ, ಬಿಡಿಬಿಡಿಯಾಗಿ: ಒಂದು ಹೋಮು, ಒಂದು ಸ್ಟೇ.

ಶಿಬಿರದಲ್ಲಿ ನಗೆಪಾಟಲಾದದ್ದು ಇದಾದ ಮೇಲೆ. ಅಲ್ಲಿಂದ ಸೀದಾ ಅವನನ್ನು ಹೊನ್ನಾವರದ ವಕೀಲೆ ಗೀತಾಂಜಲಿಯ ಹತ್ತಿರ ಕರೆದುಕೊಂಡು ಹೋದೆ. ಗೀತಾಂಜಲಿ ನನ್ನ ಶಿಷ್ಯೆ. ಕನ್ನಡದಲ್ಲಿ ಸಾಧಾರಣ ಅಂಕ, ಕಾಯ್ದೆಯಲ್ಲಿ ಅಸಾಧಾರಣ. ಎಲ್ಲ ಕೇಳಿ, ಪೆನ್ನಿನ ಮುಚ್ಚಳ ಹಾಕಿದಳು. ವಕೀಲರು ಪೆನ್ನಿನ ಮುಚ್ಚಳ ಹಾಕಿದರೆ ಸುದ್ದಿ ಚೊಲೋ ಇಲ್ಲ ಅಂತ ಅರ್ಥ.

"ಶುಕ್ರಣ್ಣ, ನಿಮ್ಮ ಹೆಂಡ್ತಿ ತಾವೇ ದುಡಿದು ತಗೊಂಡ ಮನೆ ಆಗಿದ್ರೆ ಮೊದಲು ನಿಮಗೇ ಬರ್ತಿತ್ತು. ಮಕ್ಕಳಿದ್ದಿದ್ರೂ ನಿಮಗೊಂದು ಪಾಲಿರ್ತಿತ್ತು. ಆದ್ರೆ ಹೆಣ್ಣಿಗೆ ಅಪ್ಪನಿಂದ ಬಂದ ಆಸ್ತಿ, ಮಕ್ಕಳೂ ಇಲ್ಲ ಅಂದ್ರೆ, ಗಂಡಂಗಲ್ಲ, ಅವಳಪ್ಪನ ವಾರಸುದಾರರಿಗೆ ತಿರುಗಿ ಹೋಗ್ತದೆ. ಕಾಯ್ದೆ ಹಾಗದೆ."

ಶುಕ್ರಣ್ಣ ಸ್ವಲ್ಪ ಹೊತ್ತು ಕಿಟಕಿಯಾಚೆ ಹೋಗುವ ಬಸ್ಸು ನೋಡಿದ. "ಅಂದ್ರೆ ಗಣಪಿ ನಡುಮಧ್ಯ ಇದ್ದದ್ದೇ ಇಲ್ಲ ಅಂತ ಲೆಕ್ಕವಾ?"

ಗೀತಾಂಜಲಿ ಪೆನ್ನನ್ನು ಮೇಜಿನ ಮೇಲೆ ಅಡ್ಡ ಇಟ್ಟಳು.

"ಸೋಗೆ ಮನೆ ಆಗಿತ್ತು ಅದು. ಹಂಚು ಹಾಕ್ದವ ನಾನು."

"ಆ ಮಾತನ್ನೇ ಹಿಡ್ಕಂಡು ರಾಜಿ ಮಾಡ್ಸುವ. ಅವರ ಕೈಯಿಂದ ನಿ‍ಮಗೆ ಬದುಕಿರೂವರೆಗೆ ವಾಸದ ಹಕ್ಕು ಬರೆಸ್ಕಳ್ಳುವ. ಆದ್ರೆ ಅಲ್ಲಿಯವರೆಗೆ ಒಂದು ನೆನಪಿಡಿ. ಕೋರ್ಟಿನ ಆದೇಶ ಇಲ್ದೆ ನಿಮ್ಮನ್ನು ಯಾರೂ ಹೊರಗೆ ಹಾಕೂಕಾಗೂದಿಲ್ಲ. ನೀವಾಗೇ ಹೊರಗೆ ಹೋಗಿ ಅವರು ಒಳಗೆ ಸೇರ್ಕಂಡ್ರೆ ಮಾತ್ರ ಕಷ್ಟ. ಸ್ವಾಧೀನ ಮುಖ್ಯ. ಮನೇಲಿ ಕೂತ್ಬಿಡಿ."

"ಕೂತೇ ಇರ್ಬೇಕಾ?"

"ಕೂತೇ ಇರ್ಬೇಕು."

ಅವಳು ಹೇಳಿದ್ದು ಮಾತಿಗೆ. ಶುಕ್ರಣ್ಣ ತೆಗೆದುಕೊಂಡದ್ದು ಅಕ್ಷರಕ್ಕೆ. ಹಕ್ಕು ಬೇಕಾದರೆ ಹಕ್ಕಿಯ ಹಾಗೆ ಹಾರಾಡಬಾರದು, ಕೋಳಿಯ ಹಾಗೆ ಕಾವು ಕೂರಬೇಕು ಎಂದು ನಾನೂ ದಾರಿಯಲ್ಲಿ ಒಂದು ಮಾತು ಸೇರಿಸಿದೆ. ಸೇರಿಸಬಾರದಿತ್ತು.

ಗುಜರಿಗೆ ಹೋದ ತನ್ನ ಟೆಂಪೋದ ಡ್ರೈವರ್ ಸೀಟನ್ನು ಅವನು ಬಿಚ್ಚಿಸಿ ತಂದು ಜಗಲಿಯ ಮೂಲೆಯಲ್ಲಿ ಇಟ್ಟುಕೊಂಡಿದ್ದ. ಕಪ್ಪು ರೆಕ್ಸಿನ್ನು, ಒಂದು ಕಡೆ ಸ್ಪ್ರಿಂಗು ಎದ್ದಿತ್ತು. ಅದನ್ನು ಬಾಗಿಲಿಗೆ ಅಡ್ಡ ಎಳೆದು ಕೂತ. ಬೆಳಿಗ್ಗೆ ಗಂಜಿ ಕುಡಿದು ಕೂತರೆ ಸಂಜೆ ದೀಪ ಹಚ್ಚುವವರೆಗೆ. ಮನೆ ಅವನ ಸ್ವಾಧೀನದಲ್ಲಿತ್ತು, ಕಾಲು ಮಾತ್ರ ಸ್ವಾಧೀನದಲ್ಲಿರಲಿಲ್ಲ. ಹೆದ್ದಾರಿಯಲ್ಲಿ ಹಾರ್ನು ಕೇಳಿದರೆ ಬಲಗಾಲು ನೆಲ ಒತ್ತುತ್ತಿತ್ತು. ಜಗಲಿಯ ಸಗಣಿ ನೆಲದಲ್ಲಿ ಅಲ್ಲೊಂದು ಗುಳಿಯೇ ಬಿತ್ತು.

ಚಳಿಗಾಲ ಹೋಗಿ ಬೇಸಿಗೆ ಬಂತು. ಕುಪ್ಪ ವಾರವಾರ ಬರುತ್ತಿದ್ದ. ವಾರಸುದಾರ ಎಂಬ ಶಬ್ದದ ಮೂಲ ಇದೇ ಇರಬೇಕೆಂದು ನನಗೆ ಅನುಮಾನ. ಬಂದವನು ಅಂಗಳದ ತುದಿಯಲ್ಲಿ ನಿಂತು, ಭಾವ ಇದ್ದಾನೋ ಇಲ್ಲವೋ ನೋಡಿ, ಎರಡು ಮಾತಾಡಿ ಹೋಗುವುದು. ಮಾತುಕತೆಗೆ ಇವತ್ತು ಕೂರುವ, ನಾಳೆ ಕೂರುವ ಅನ್ನುವುದು. ಕೂತಿದ್ದವನು ಶುಕ್ರಣ್ಣ ಒಬ್ಬನೇ.

ಊರಿಗೆ ಅವನು ಬಸ್‌ಸ್ಟ್ಯಾಂಡಿನ ವಿಚಾರಣೆ ಕೌಂಟರಾದ. ಹೆಂಗಸರು ಬೇಲಿಯಾಚೆಯಿಂದಲೇ, "ಶುಕ್ರಣ್ಣ, ಭಟ್ಕಳದ್ದು ಹೋತಾ?" ಅನ್ನುವರು. ಹಾರ್ನಿನ ಮೇಲೇ ಹೇಳುತ್ತಿದ್ದ, "ಹಸಿರು ಟೆಂಪೋ ಹೋತು, ಕೆಂಪಿಂದು ಬರ್ಬೇಕು, ಅಂವ ಹೊನ್ನಾವರದಲ್ಲಿ ಚಾ ಕುಡೀತ." ಹೋಗುವವರನ್ನೆಲ್ಲ ತಡೆದು, ಎಲ್ಲಿಗೆ, ಯಾಕೆ, ಯಾವ ಗಾಡಿಗೆ ಎಂದು ಕೇಳುವನು. ಮದುವೆ ಊಟ ತಪ್ಪಿದವನ ಮುಖ ಇರುತ್ತಿತ್ತು.

ಒಂದು ಸಂಕಷ್ಟಿಯ ದಿನ ನಾವು ಇಡಗುಂಜಿಗೆ ಹೊರಟಿದ್ದೆವು. ಬಾ ಶುಕ್ರಣ್ಣ, ಅರ್ಧ ದಿನದಲ್ಲಿ ಬರುವ, ಮನೆಯನ್ನು ನಮ್ಮವರು ನೋಡಿಕೊಳ್ಳುತ್ತಾರೆ ಅಂದೆ.

"ಬತ್ತಿಲ್ಲ ಅಕ್ಕೋರೆ. ಇಡಗುಂಜಿ ಗಣಪತಿ ನಿಂತ್ಕಂಡಾನೆ. ಬೇರೆ ಕಡೆ ಗಣಪತಿ ಕೂತದ್ದೇ ಹೆಚ್ಚು, ಇಲ್ಲಿ ನಿಂತದ್ದು. ಅವ್ನ ನೋಡಿದ್ರೆ ನಂಗೆ ಈಗ ಹೊಟ್ಟೆಕಿಚ್ಚು."

ಮಾರ್ಚಿನ ಒಂದು ಬೆಳಿಗ್ಗೆ ಅದು ನಡೆದುಹೋಯಿತು. ಹಿತ್ತಿಲಿಗೆ ಬೇಲಿ ಕಟ್ಟುತ್ತಿದ್ದ, ಕೈಯಲ್ಲಿ ಕತ್ತಿ. ರಸ್ತೆಯಲ್ಲಿ ಯಾವುದೋ ಗಾಡಿ ಉಸಿರು ಸಿಕ್ಕಿಕೊಂಡವರ ಹಾಗೆ ಕೆಮ್ಮುತ್ತ ನಿಂತಿತು. ಯಾರದ್ದೆಂದು ನೋಡಲು ಹೋದ. ಡೀಸೆಲ್ ಪೈಪು ಅಂದ, ತಾನೇ ಬಗ್ಗಿ ಸರಿಮಾಡಿದ. ಸರಿಯಾಯಿತೋ ಇಲ್ಲವೋ ನೋಡುವ ಎಂದು ಫುಟ್‌ಬೋರ್ಡಿನ ಮೇಲೆ ನಿಂತ. ಶರಾವತಿಯ ಸೇತುವೆಯ ಮೇಲೆ ಗಾಳಿ ಮುಖಕ್ಕೆ ಹೊಡೆದಾಗ, ತಾನು ಬರಿಮೈಯಲ್ಲಿ ಕತ್ತಿ ಹಿಡಿದು ಹೊನ್ನಾವರಕ್ಕೆ ಹೋಗುತ್ತಿದ್ದೇನೆಂದು ಗೊತ್ತಾಯಿತು. ಒಂದು ಗಳಿಗೆ ಗಾಳಿ ಕುಡಿದೆ ಅಕ್ಕೋರೆ, ಸುಳ್ಳು ಹೇಳೂಕಾಗ ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ಸೇತುವೆ ದಾಟುತ್ತಲೇ ಇಳಿದು, ಎದುರಿನಿಂದ ಬಂದ ಗಾಡಿಗೆ ಕತ್ತಿ ಅಡ್ಡ ಹಿಡಿದ. ಅದು ನಿಲ್ಲದೆ ಇರಲು ಸಾಧ್ಯವಿರಲಿಲ್ಲ.

ಮನೆ ಮುಟ್ಟುವಾಗ ಟೆಂಪೋ ಸೀಟಿನ ಮೇಲೆ ಕುಪ್ಪ ಕೂತಿದ್ದ.

ಜಗಳ ಮಾಡಲಿಲ್ಲ ಅವನು. ಮುಖ ತುಂಬ ನಗು ಮಾಡಿಕೊಂಡು, "ಬಾ ಭಾವ, ಬಾ. ಕೂತ್ಕ. ಆಸ್ರಿಗೆ ಎಂತ ಕುಡೀತೆ?" ಅಂದ.

ನಮ್ಮ ಕಡೆಯವರಿಗೆ ಈ ಮಾತಿನ ಪೆಟ್ಟು ತಿಳಿಸಿ ಹೇಳಬೇಕಾಗಿಲ್ಲ. ದಣಿದು ಬಂದವರಿಗೆ ಮನೆಯವರು ಮೊದಲು ಕೇಳುವುದು ಇದನ್ನೇ: ಬಾಯಾರಿಕೆಗೆ ಏನು ಕುಡಿಯುತ್ತೀರಿ? ಯಾರು ಕೇಳುತ್ತಾರೋ ಅವರದು ಮನೆ, ಯಾರನ್ನು ಕೇಳುತ್ತಾರೋ ಅವರು ನೆಂಟರು. ಕಾಯ್ದೆ ಬರೆಯುವವರಿಗೆ ನೂರು ಕಲಮು ಬೇಕಾದದ್ದನ್ನು ಕುಪ್ಪ ಒಂದು ಲೋಟ ನೀರಿನಲ್ಲಿ ಹೇಳಿ ಮುಗಿಸಿದ್ದ. ಶುಕ್ರಣ್ಣ ತನ್ನ ಅಂಗಳದಲ್ಲಿ ನೆಂಟನಾಗಿ ನಿಂತಿದ್ದ, ಕೈಯಲ್ಲಿ ಕತ್ತಿ ಬೇರೆ. ಬೇಲಿಯಾಚೆ ನಾವು ನಾಲ್ಕು ಜನ ನಿಂತು ನೋಡುತ್ತಿದ್ದೆವು.

ಶುಕ್ರಣ್ಣ ಕತ್ತಿಯನ್ನು ಮಾಡಿನ ಹಂಚಿನ ಸಂದಿಗೆ ಸಿಕ್ಕಿಸಿದ. ಕುಪ್ಪನ ಮೊಣಕಾಲು ದಾಟಿ ಒಳಗೆ ಹೋದ. ಒಂದು ಲೋಟ ನೀರು, ಒಂದು ತುಂಡು ಬೆಲ್ಲ ತಂದು ಕುಪ್ಪನ ಎದುರಿಗೆ ಇಟ್ಟ.

"ದೂರದಿಂದ ಬಂದವ ನೀನು. ನೀ ಕುಡಿ."

ಕುಡಿದರೆ ಕುಪ್ಪ ನೆಂಟ. ಕುಡಿಯದಿದ್ದರೆ ಅಕ್ಕನ ಮನೆಯ ನೀರನ್ನು ಬಿಟ್ಟವ. ಕುಪ್ಪ ಲೋಟ ನೋಡಿದ, ನಮ್ಮನ್ನು ನೋಡಿದ. "ಬುದವಂತ್ರನ್ನೇ ಕರೆಸ್ತೆ" ಎಂದು ಎದ್ದುಹೋದ. ಬೆಲ್ಲಕ್ಕೆ ಇರುವೆ ಬರುವವರೆಗೂ ಶುಕ್ರಣ್ಣ ಅದನ್ನು ತೆಗೆಯಲಿಲ್ಲ. ಆ ರಾತ್ರಿಯಿಂದ ಬಾಗಿಲ ಹೊರಗೇ ಮಲಗತೊಡಗಿದ. ಕೈಯಲ್ಲಿದ್ದದ್ದು ಎಷ್ಟು ಸುಲಭವಾಗಿ ಹೋಗುತ್ತಿತ್ತು ಎಂದು ಅವನಿಗೂ ಕಂಡಿತ್ತು.

ಬುದವಂತ ಅನ್ನುವುದು ಶುಕ್ರಣ್ಣ, ಕುಪ್ಪ ಇವರ ಸಮಾಜದಲ್ಲಿ ನ್ಯಾಯಪಂಚಾಯ್ತಿ ಮಾಡುವವರ ಹುದ್ದೆ. ಹುದ್ದೆಯಲ್ಲಿರುವವರೆಲ್ಲ ಬುದ್ಧಿವಂತರಾಗಿರಬೇಕೆಂಬ ನಿಯಮ ಬೇರೆ ಹುದ್ದೆಗಳಲ್ಲಿ ಇಲ್ಲದ ಹಾಗೆ ಇಲ್ಲೂ ಇಲ್ಲ. ಆದರೆ ಬುದವಂತ ವೆಂಕಟ ಗೌಡರು ಎರಡೂ ಆಗಿದ್ದರು. ಅವರ ಬುದ್ಧಿಯೆಂದರೆ ಹೆಚ್ಚು ಮಾತಾಡದಿರುವುದು. ಅಂಗಳದಲ್ಲಿ ಚಾಪೆ ಹಾಸಿದರು. ಕುಪ್ಪ ಹೆಂಡತಿ ದೇವಿಯನ್ನೂ ಶಿರಾಲಿಯಿಂದ ಕರೆತಂದಿದ್ದ. ತನ್ನ ಕಡೆಗೆ ಒಂದು ತಲೆ ಹೆಚ್ಚಿರಲಿ ಎಂದು. ಅವಳು ತುಳಸಿಕಟ್ಟೆಯ ಬದಿಗೆ ಕೂತು ಎಲೆಯಡಿಕೆಯ ಕವಳ ಕಟ್ಟುತ್ತಿದ್ದಳು.

ಕುಪ್ಪ ಕಾಯ್ದೆಯನ್ನು ಪಾಠ ಒಪ್ಪಿಸಿದ. ತಪ್ಪಿಲ್ಲದೆ ಒಪ್ಪಿಸಿದ.

"ಕಾಯ್ದೆ ನಿನ್ನ ಬದಿಗೇ ಆತು" ಅಂದರು ಬುದವಂತರು. "ಅದಕ್ಕೆ ಕೋರ್ಟದೆ. ಇಲ್ಲಿ ನಮ್ಮನ್ನು ಕೂರ್ಸಿದ್ದು ಎಂತಕ್ಕೆ?"

"ಪದ್ಧತಿ ಹೇಳೂಕೆ. ಹೆಂಡ್ತಿ ಇದ್ದಷ್ಟ್ ದಿನ ಗಂಡ ಮನೆಯವ. ಹೆಂಡ್ತಿ ಹೋದ್ಮೇಲೆ ಅಂವ ನೆಂಟ. ನೆಂಟ ಎಷ್ಟ್ ದಿನ ಉಳೀತ? ನೀವೇ ಹೇಳಿ."

ಒಂದಿಬ್ಬರು ತಲೆ ಆಡಿಸಿದರು. ಮಾತು ಕೇಳಲು ಸರಿಯಾಗಿಯೇ ಇತ್ತು. ಹೆಂಡತಿ ಅಳಿದ ಮೇಲೆ ಅಳಿಯ ಉಳಿಯುವುದು ಹೇಗೆ? ಶುಕ್ರಣ್ಣ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಕಂಬದ ಹತ್ತಿರ ನಿಂತಿದ್ದ. ಕೂತ್ಕ ಅಂದರೂ ಕೂರಲಿಲ್ಲ.

"ಅದು ನಮ್ ಪದ್ಧತಿಯಾ?" ಕೇಳಿದ್ದು ದೇವಿ. ಗಂಡನ ಕಡೆ ನೋಡದೆ, ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ಮತ್ತೆ? ಪದ್ಧತಿಯೇ."

"ಇಲ್ಲೊಂದೇಯಾ, ಶಿರಾಲಿಗೂ ಅದೇ ಪದ್ಧತಿಯಾ?"

ಕುಪ್ಪನೂ ಮನೆಅಳಿಯ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಯಾರಿಗೂ ಹೊಳೆದಿರಲಿಲ್ಲ.

"ನೀ ಎಂತಕ್ಕೆ ಕೇಳ್ತೆ ಈಗ?"

"ಎಂತಕ್ಕಿಲ್ಲ. ನಂಗೂ ಷುಗರ್ ಅದೆ, ಯಾವಾಗ ಎಂತ ಆಗ್ತದೋ. ನನ್ ತಮ್ಮ ಅಣ್ಣಪ್ಪನ ಹತ್ರ ಈಗ್ಲೇ ಹೇಳಿ ಇಡ್ತೆ. ನಾ ಹೋದ ಮಾರನೇ ದಿನ ಭಾವನ ಮಂಚ ಅಂಗ್ಳಕ್ಕೆ ಹಾಕು, ಅವ್ರಿಗೆ ಪದ್ಧತಿ ಅಂದ್ರೆ ಭಾರೀ ಜೀವ ಅಂತ."

ನಗು ಬೇಲಿಯ ಆಚೆಯಿಂದ ಮೊದಲು ಬಂತು, ಆಮೇಲೆ ಚಾಪೆಯಿಂದ. ಕುಪ್ಪ ಕೆಂಪಾದ. "ನಮ್ಗೆ ಮಗಳು ಅಂಕಿತಾ ಇಲ್ವನೇ? ಮಕ್ಕಳಿದ್ರೆ ಕಾಯ್ದೆ ಬೇರೆ."

"ಕಾಯ್ದೆ ಬೇರೆಯೇ. ಪದ್ಧತಿ ನೀನು ಈಗ ಹೇಳ್ದೆ, ನಾ ಕೇಳ್ದೆ" ಎಂದು ದೇವಿ ಕವಳವನ್ನು ಬಾಯಿಗಿಟ್ಟುಕೊಂಡಳು. ಅಲ್ಲಿಗೆ ಅವಳ ವಾದ ಮುಗಿಯಿತು. ಕವಳ ಬಾಯಲ್ಲಿದ್ದವರ ಹತ್ತಿರ ಪಾಟೀಸವಾಲು ಸಾಧ್ಯವಿಲ್ಲ.

ಕುಪ್ಪ ಬಹಳ ಹೊತ್ತು ಚಾಪೆಯ ಅಂಚು ಕೀಳುತ್ತಿದ್ದ. ಆಗ ಅವನ ಕಾಲೂ ಭಾವನ ಕಾಲಿನ ಹಾಗೇ ಅಲ್ಲಾಡುತ್ತಿತ್ತು. ಶಿರಾಲಿಯ ಮನೆಯಲ್ಲಿ ತಾನು ಮಲಗುವ ಮೂಲೆ, ತೂಗುಹಾಕಿದ ಅಂಗಿ, ಎಲ್ಲದರ ಮೇಲೂ ಅಣ್ಣಪ್ಪನ ಕಣ್ಣು ಬಿದ್ದಂತೆ ಅವನಿಗೆ ಕಂಡಿರಬೇಕು. ಕೊನೆಗೆ ತಲೆ ಎತ್ತದೆ ಕೇಳಿದ.

"ನಿಂಗೆ ಎಂತ ಬೇಕು ಭಾವ?"

"ಹೆಸ್ರು ನಂಗ್ ಬೇಡ. ನಿಂದೇ ಹಾಕ್ಕ. ನಾಳೆ ಅಂಕಿತಂಗೆ ಕೊಡು. ನನ್ನ ಇಲ್ಲಿ ಇಪ್ಪೂಕೆ ಬಿಡು."

"ಎಷ್ಟ್ ದಿನ?"

"ಪೌತಿ ಆಗೂವರೆಗೆ" ಅಂದ ಶುಕ್ರಣ್ಣ. ಈ ಸಲ ಅರ್ಥ ತಪ್ಪಿರಲಿಲ್ಲ.

ಬುದವಂತರು ಆತು ಅಂದರು. ಹೋಂಸ್ಟೇ ಮಾಡುವುದಾದರೆ ಹಿತ್ತಿಲ ಬದಿಗೆ ಎರಡು ಕೋಣೆ ಎಬ್ಬಿಸಬಹುದು, ಇದ್ದ ಮನೆ ಮುಟ್ಟುವ ಹಾಗಿಲ್ಲ ಎಂದೂ ಆಯಿತು. ಎಲ್ಲ ಎದ್ದು ಹೊರಡುವಾಗ ಶುಕ್ರಣ್ಣ ಒಳಗಿನಿಂದ, "ಕುಪ್ಪಾ, ಆಸ್ರಿಗೆ?" ಎಂದು ಕೇಳಿದ. ಕುಪ್ಪ ಮೆಟ್ಟಿದ್ದ ಚಪ್ಪಲಿ ಮತ್ತೆ ಕಳಚಿ, "ಬೆಲ್ಲ ಜಾಸ್ತಿ ಹಾಕು" ಅಂದ.

ಮಳೆ ಹಿಡಿಯುವುದರೊಳಗೆ ಗೀತಾಂಜಲಿ ಕರಾರು ಬರೆದಳು, ನೋಂದಣಿಯೂ ಮುಗಿಯಿತು. ಅದಾದ ಮಾರನೆಯ ವಾರ ಶುಕ್ರಣ್ಣ ಒಂದು ಚೀಲ ಮೊಗೆಕಾಯಿ ಹೊತ್ತು ಅವಳ ಆಫೀಸಿಗೆ ಬಂದ. ಶಾಲೆ ಬಿಟ್ಟು ನಾನೂ ಅಲ್ಲಿಗೆ ಹೋಗಿದ್ದೆ. ಗಣಪಿಯ ಬೀಜದ್ದೇ ಬಳ್ಳಿಯಂತೆ. ಗೀತಾಂಜಲಿಯ ಮುಖ ಅರಳಿತು. ವಕೀಲಿ ಶುರುಮಾಡಿದ ಮೇಲೆ ಎರಡೂ ಕಡೆಯವರು ಮಾತಾಡಿಕೊಂಡು ಹೋದ ಮೊದಲನೆಯ ಪ್ರಕರಣ ಇದು ಎಂದಳು.

"ಕೂತ್ಕಳಿ ಶುಕ್ರಣ್ಣ."

"ಬೇಡ."

"ಚಾ ಹೇಳ್ತೆ, ಕೂತ್ಕಳಿ."

"ನಿಂತೇ ಕುಡೀತೆ."

ನಿಂತೇ ಕುಡಿದ. ನಾನು ನಕ್ಕೆ, ರೋಡಳಿಯ ಮತ್ತೆ ರೋಡಿಗಿಳಿದ, ಇನ್ನು ಇವನನ್ನು ಕೂರಿಸಲು ಯಾವ ಕೋರ್ಟಿನಿಂದಲೂ ಆಗುವುದಿಲ್ಲ ಎಂದುಕೊಂಡೆ. ಗೀತಾಂಜಲಿ ನಗಲಿಲ್ಲ. ಮುಂದಿನ ವಾರ ಕಾಲೇಜಿನಲ್ಲಿ ಅವಳದೊಂದು ಭಾಷಣವಿತ್ತು, ಗಂಡ ಅಥವಾ ಹೆಂಡತಿ ತೀರಿಕೊಂಡ ಮೇಲೆ ಉಳಿದವರ ಮನೆಯ ಹಕ್ಕಿನ ಬಗ್ಗೆ. ಅದಕ್ಕೆ ಶುಕ್ರಣ್ಣನ ಬಾಯಿಂದಲೇ ಒಂದು ಮಾತು ಬೇಕಾಗಿತ್ತು. ಕಾಗದ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದಳು.

"ನಿಮ್ಮ ಜಾಗದಲ್ಲಿ ಬೇರೆಯವರಿದ್ರೆ ಯಾವಾಗ್ಲೋ ಎದ್ದು ಹೋಗ್ತಿದ್ರು. ಮನೆಯವರು ಹೋದ ಮನೇಲಿ, ಒಬ್ರೇ, ಬೇಸಿಗೆ ಇಡೀ ಅಲ್ಲಾಡದೆ ಕೂತ್ರಿ. ಈ ಕಾಗದ, ಕೋರ್ಟು ಎಲ್ಲ ಬದಿಗಿಡಿ ಶುಕ್ರಣ್ಣ. ಅಷ್ಟು ದಿನ ಹಾಗೆ ಕೂತದ್ದಕ್ಕೆ ಕಡೆಗೆ ನಿಮಗೆ ಸಿಕ್ಕಿದ್ದು ಎಂತದು?"

ಶುಕ್ರಣ್ಣ ಖಾಲಿ ಲೋಟವನ್ನು ಮೇಜಿನ ಮೇಲಿಟ್ಟ. ನನ್ನ ಮುಖ ನೋಡಿದ, ಗೀತಾಂಜಲಿಯ ಮುಖ ನೋಡಿದ, ಹೆಂಗಸರ ಎದುರು ಹೇಳಲೋ ಬೇಡವೋ ಅನ್ನುವ ಹಾಗೆ ಕತ್ತು ಕೆರೆದುಕೊಂಡ. ಗಣಪಿಯ ಹೆಸರು ಬರುತ್ತದೆ ಎಂದು ನಾನು ಕನ್ನಡಕ ತೆಗೆದು ಸೆರಗು ಹಿಡಿದು ತಯಾರಾದೆ.

"ಮೂಲವ್ಯಾಧಿ" ಅಂದ.